ರಾತ್ರಿ ಪಾಳಿ ಮತ್ತು ಒಸಡಿನ ರಕ್ತ

ರಾತ್ರಿ ಪಾಳಿ ಶುರುವಾದಾಗಿನಿಂದ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿದೆ, ಕೆಲವು ದಿನ ಬ್ರಷ್ ಮುಟ್ಟದಿದ್ದರೆ ಸರಿಹೋಗಬಹುದೇ ಎಂದು ನರ್ಸಿಂಗ್ ಎರಡನೇ ವರ್ಷದಲ್ಲಿರುವ ನೀವು ಕೇಳಿದ್ದೀರಿ, ದಯವಿಟ್ಟು ನಿಲ್ಲಿಸಬೇಡಿ. ಇಂಥ ರಕ್ತಕ್ಕೆ ಸಾಮಾನ್ಯವಾಗಿ ಒಸಡಿನ ಅಂಚಿನಲ್ಲಿ ಕೂತ ಪಾಚಿಯೇ ಕಾರಣ. ನಮ್ಮ ಹಾಸ್ಟೆಲಿನಲ್ಲಿ ಪಾಳಿ ಮುಗಿಸಿ ಬಂದವರು ಹಲ್ಲುಜ್ಜದೆ ಯೂನಿಫಾರ್ಮಿನಲ್ಲೇ ಮಲಗಿಬಿಡುತ್ತಿದ್ದೆವು. ರಾತ್ರಿಯಿಡೀ ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು ಕಂಡ ಬಾಯಲ್ಲಿ, ನಿದ್ರೆಯಲ್ಲಿ ಜೊಲ್ಲೂ ಕಡಿಮೆಯಾಗುವುದರಿಂದ, ಹುಳುಕು ಬೇಗ ಹಿಡಿಯುತ್ತದೆ. ಆದ್ದರಿಂದ ಬೆಳಿಗ್ಗೆ ಮಲಗುವ ಮುನ್ನವೇ, ಮೃದುವಾದ ಬ್ರಷ್ಷನ್ನು ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಫ್ಲೋರೈಡ್ ಇರುವ ಪೇಸ್ಟಿನಿಂದ 2 ನಿಮಿಷ ನಿಧಾನವಾಗಿ ಉಜ್ಜಿ. ಪ್ರಜ್ಞೆಯಿಲ್ಲದ ರೋಗಿಯ ಬಾಯಿಯನ್ನು ಎಷ್ಟು ಜೋಪಾನವಾಗಿ ಒರೆಸುತ್ತೀರೋ ಅಷ್ಟೇ ಜೋಪಾನ ನಿಮ್ಮ ಬಾಯಿಗೂ ಇರಲಿ. 2 ವಾರ ಕಳೆದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ.