ಲ್ಯಾಪ್‌ಟಾಪ್‌ನಲ್ಲಿ ಆಗಾಗ ನೀಲಿ ಪರದೆ ಬರುತ್ತಿದ್ದರೆ ಕಾರಣ ಹುಡುಕುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮೂರು ವರ್ಷದ ಲ್ಯಾಪ್‌ಟಾಪ್, ವಿಂಡೋಸ್ 11. ಹೋದ ವರ್ಷ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದ್ದೀರಿ. ಈಗ ವಾರಕ್ಕೆ ಎರಡು ಮೂರು ಸಲ ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಗುತ್ತದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಬರುತ್ತದೆ, ಇನ್ನೊಮ್ಮೆ ಬೇರೇನೋ. ಅಂಗಡಿಯಲ್ಲಿ ಕೊಟ್ಟರೆ ಎರಡು ದಿನ ಚೆನ್ನಾಗೇ ಓಡಿತು. ಒಬ್ಬರು ಫಾರ್ಮ್ಯಾಟ್ ಹೊಡೆಯೋಣ ಅಂದರು, ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಅಂದರು. ಯಾರ ಮಾತು ಕೇಳಬೇಕು?

ಸದ್ಯಕ್ಕೆ ಇಬ್ಬರದೂ ಬೇಡ. ನಾನು ಕಚೇರಿಯೊಂದರಲ್ಲಿ ಲ್ಯಾಪ್‌ಟಾಪ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಂತುಹೋಗುತ್ತಲ್ಲ, ಆಗಾಗ ಬರುವ ಕ್ರ್ಯಾಶ್ ಕೂಡ ಹಾಗೇ. ಯಂತ್ರ ದಿನವಿಡೀ ನಿಮ್ಮ ಕೈಯಲ್ಲೇ ಇರುತ್ತದೆ. ಹಾಗಾಗಿ ಯಾವಾಗ ಬಂತು, ಏನು ಬಂತು ಅಂತ ಗುರುತು ಹಾಕಿಕೊಳ್ಳುವುದು ನಿಮ್ಮಿಂದಲೇ ಆಗಬೇಕು. ಒಂದು ಕ್ರ್ಯಾಶ್ ನೋಡಿ ಏನೂ ಹೇಳಲಾಗುವುದಿಲ್ಲ. ನಾಲ್ಕೈದನ್ನು ಪಕ್ಕಪಕ್ಕ ಇಟ್ಟಾಗಲೇ ಜಾಡು ಸಿಗುವುದು.

ಮೊದಲು ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಕೂಡ ಬರೆದಿಟ್ಟುಕೊಳ್ಳಿ. ಮುಂದೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಶುರುವಾಗುವ ಒಳಗಿನ ಸಾಫ್ಟ್‌ವೇರ್) ಏನಾದರೂ ಬದಲಿಸಿದರೆ ಲ್ಯಾಪ್‌ಟಾಪ್ ಆ ಕೀ ಕೇಳಬಹುದು.

ಕ್ರ್ಯಾಶ್ ಆದಾಗ ಸಾಮಾನ್ಯವಾಗಿ ವಿಂಡೋಸ್ ಒಂದು ಸಣ್ಣ ಫೈಲ್ ಬರೆಯುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅನ್ನುವ ಫೋಲ್ಡರ್ ಇದೆಯಾ ನೋಡಿ. ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಅನ್ನುವ ಉಚಿತ ಟೂಲ್ ಅಲ್ಲಿರುವುದನ್ನೆಲ್ಲ ದಿನಾಂಕದ ಜೊತೆ ಸಾಲಾಗಿ ತೋರಿಸುತ್ತದೆ. ಅದರಲ್ಲಿ ‘ಕಾರಣ’ದ ಕಾಲಂನಲ್ಲಿ ಎನ್‌ಟಿಒಎಸ್‌ಕರ್ನಲ್ ಅಂತ ಬಂದರೆ ಗಾಬರಿ ಬೇಡ. ಅದು ವಿಂಡೋಸ್‌ನ ಕರ್ನಲ್, ಅಂದರೆ ಎಲ್ಲವನ್ನೂ ನಡೆಸುವ ತಿರುಳು ಭಾಗ. ತಪ್ಪು ಬೇರೆಯವರದಾದರೂ ಎಷ್ಟೋ ಸಲ ಅದರ ಹೆಸರೇ ಮೇಲೆ ಬರುತ್ತದೆ. ಅಂದ ಹಾಗೆ, ಕ್ಲೀನರ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ತೆಗೆದುಬಿಡಿ. ಕಸ ಅಂದುಕೊಂಡು ಈ ಫೈಲ್‌ಗಳನ್ನೂ ಅವು ಗುಡಿಸಿಹಾಕುತ್ತವೆ.

ಇವೆಂಟ್ ವ್ಯೂವರ್ (ಯಂತ್ರದಲ್ಲಿ ನಡೆದದ್ದರ ದಾಖಲೆ ತೋರಿಸುವ ವಿಂಡೋಸ್ ಟೂಲ್) ತೆರೆದವರೆಲ್ಲ ‘ಕರ್ನಲ್ ಪವರ್ 41’ ನೋಡಿ ಪವರ್ ಸಮಸ್ಯೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವುದಷ್ಟೇ ಅದರ ಅರ್ಥ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅನ್ನುವ ಸಂಖ್ಯೆ ಇರುತ್ತದೆ, ನೋಡಬೇಕಾದ್ದು ಅದನ್ನು. ಅಲ್ಲಿ 26 ಇದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್. 159 ಇದ್ದರೆ ಯಾವುದೋ ಡ್ರೈವರ್ (ಒಂದೊಂದು ಬಿಡಿಭಾಗವನ್ನು ನಡೆಸುವ ಸಾಫ್ಟ್‌ವೇರ್) ಲ್ಯಾಪ್‌ಟಾಪ್ ನಿದ್ದೆಗೆ ಹೋಗುವಾಗಲೋ ಏಳುವಾಗಲೋ ಸಿಕ್ಕಿಕೊಂಡಿದೆ. 292 ಇದ್ದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ, ಬಿಸಿ ಮತ್ತು ಪ್ರೊಸೆಸರ್ ಕಡೆ ಮೊದಲು ನೋಡಿ. ಬರೀ 0 ಇದ್ದರೆ ಬಹುಮಟ್ಟಿಗೆ ಕರೆಂಟ್ ಕಡಿದುಹೋಗಿದೆ, ಇಲ್ಲವೇ ಪೂರ್ತಿ ಹ್ಯಾಂಗ್ ಆದಾಗ ಯಾರೋ ಬಟನ್ ಒತ್ತಿ ಹಿಡಿದಿದ್ದಾರೆ.

ಇನ್ನು ಜಾಡು ಓದುವುದು. ಪ್ರತಿ ಸಲ ಅದೇ ಕೋಡ್, ಅದೇ ಡ್ರೈವರ್ ಫೈಲ್ ಅಂದರೆ ಅನುಮಾನ ಸಾಫ್ಟ್‌ವೇರ್ ಮೇಲೆ. ನಮ್ಮ ಕಚೇರಿಯಲ್ಲಿ ಒಬ್ಬರ ಲ್ಯಾಪ್‌ಟಾಪ್ ಮುಚ್ಚಳ ತೆರೆದಾಗ ಮಾತ್ರ ಸಾಯುತ್ತಿತ್ತು, ಕೋಡ್ ಯಾವಾಗಲೂ 159. ವೈಫೈ ಡ್ರೈವರ್ ಬದಲಿಸಿದ ಮೇಲೆ ನಿಂತಿತು. ಬದಲಿಗೆ ಕೋಡ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ದಿನಕ್ಕೊಂದು ಥರ ಬರುತ್ತಿದ್ದರೆ ನಾನು ಮೊದಲು ಕೈ ಹಾಕುವುದು ರ‍್ಯಾಮ್‌ಗೆ. ನಿಮ್ಮದು ಈ ಜಾತಿಯದು ಅನ್ನಿಸುತ್ತದೆ.

ಯಾಕೆ ಅಂದರೆ, ರ‍್ಯಾಮ್‌ನಲ್ಲಿ ಕೋಟಿಗಟ್ಟಲೆ ಬಿಟ್‌ಗಳಿರುತ್ತವೆ, ಅದರಲ್ಲಿ ಒಂದೆರಡು ಕೆಟ್ಟರೂ ಸಾಕು. ಆ ಜಾಗಕ್ಕೆ ಏನು ಬಂದು ಕೂರುತ್ತದೆ ಅನ್ನುವುದರ ಮೇಲೆ ಪರಿಣಾಮ ಬೇರೆಬೇರೆ. ಫೋಟೋ ಬಂದು ಕೂತರೆ ಒಂದು ಚುಕ್ಕಿಯ ಬಣ್ಣ ಬದಲಾಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬ್ರೌಸರ್‌ನ ಟ್ಯಾಬ್ ಕೂತರೆ ಟ್ಯಾಬ್ ಸಾಯುತ್ತದೆ. ಕರ್ನಲ್‌ನ ಡೇಟಾ ಕೂತರೆ ನೀಲಿ ಪರದೆ. ಅದಕ್ಕೇ ಇದು ಒಮ್ಮೆ ವಿಡಿಯೋ ನೋಡುವಾಗ, ಒಮ್ಮೆ ಸುಮ್ನೆ ಇಟ್ಟಾಗ, ಹೇಗೆ ಬೇಕೋ ಹಾಗೆ ಬರುವುದು. ಇನ್ನೊಂದು ಗುರುತು ಇದೆ: ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಕೆಲವೊಮ್ಮೆ ಕೆಟ್ಟಿದೆ ಅನ್ನುತ್ತದೆ, ಮತ್ತೆ ಮಾಡಿದರೆ ಸರಿಯಾಗುತ್ತದೆ. ಹೀಗಾಗಿದೆಯಾ ನೆನಪಿಸಿಕೊಳ್ಳಿ.

ಫಾರ್ಮ್ಯಾಟ್ ಈಗಲೇ ಬೇಡ ಅನ್ನುವುದೂ ಇದಕ್ಕೇ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ವಿಂಡೋಸ್ ಹಾಕಿದರೆ ಆ ಹೊಸ ವಿಂಡೋಸ್‌ನ ಫೈಲ್‌ಗಳೇ ಕೆಟ್ಟು ಕೂರಬಹುದು. ಆಮೇಲೆ ಎರಡು ಕಾಯಿಲೆ, ಬೇರೆ ಮಾಡುವುದು ಇನ್ನೂ ಕಷ್ಟ.

ಪರೀಕ್ಷೆಗೆ ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಆದರೆ ಅದು ಪಾಸ್ ಅಂದರೆ ನಾನು ನಂಬುವುದಿಲ್ಲ. ಮೆಮ್‌ಟೆಸ್ಟ್86 ಅನ್ನುವ ಟೂಲ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಚಾರ್ಜರ್ ಹಾಕಿ ಬಿಟ್ಟುಬಿಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, 16 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. ‘ಒಂದೇ ತಾನೇ’ ಅನ್ನುವ ರಿಯಾಯಿತಿ ಇಲ್ಲಿಲ್ಲ. ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಫೇಲ್ ಆದರೆ ಹೊಸ ರ‍್ಯಾಮೇ ಕಳ್ಳ ಅಂತ ತೀರ್ಮಾನಿಸಬೇಡಿ. ಹಳೆಯದೂ ಇರಬಹುದು, ಸ್ಲಾಟ್ ಕೂಡ ಇರಬಹುದು. ಎರಡೂ ಬಿಚ್ಚಲು ಬರುವಂಥದಾದರೆ (ಕೆಲವು ಮಾದರಿಗಳಲ್ಲಿ ಒಂದನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ) ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಪರೀಕ್ಷಿಸಿ. ಆಮೇಲೆ ಅದನ್ನೇ ಪಕ್ಕದ ಸ್ಲಾಟ್‌ಗೆ ಹಾಕಿ ನೋಡಿ. ತಪ್ಪು ರ‍್ಯಾಮ್ ಜೊತೆ ಓಡಾಡಿದರೆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತಪ್ಪು ಬಂದರೆ ಸ್ಲಾಟ್ ಅಥವಾ ಬೋರ್ಡ್. ಬಿಚ್ಚುವ ಮುಂಚೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿ ಕನೆಕ್ಟರ್ ಕೂಡ ಬಿಡಿಸಿ. ಎಷ್ಟೋ ಸಲ ತೆಗೆದು, ಚಿನ್ನದ ಬಣ್ಣದ ಪಟ್ಟಿಗಳನ್ನು ಒರೆಸಿ, ಗಟ್ಟಿಯಾಗಿ ಕೂರಿಸಿದ ಮಾತ್ರಕ್ಕೇ ಸರಿಯಾಗುವುದುಂಟು.

ರ‍್ಯಾಮ್ ಪಾಸಾದರೆ ಮುಂದಿನ ಅನುಮಾನ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳನ್ನೆಲ್ಲ ಇಡುವ ಡ್ರೈವ್. ಇದಕ್ಕೆ ಒಂದು ಒಳ್ಳೆಯ ಸುಳಿವಿದೆ: ನೀಲಿ ಪರದೆ ಬಂದದ್ದು ನಿಮ್ಮ ಕಣ್ಣಿಗೇ ಕಂಡಿದೆ, ಆದರೆ ಮಿನಿಡಂಪ್ ಫೋಲ್ಡರ್ ಖಾಲಿ. ಪರದೆಯ ಮೇಲಿನ ಶೇಕಡಾ ಲೆಕ್ಕ 0ಯಲ್ಲೇ ನಿಂತಿರುತ್ತದೆ. ಬರೆಯಬೇಕಾದ ಡ್ರೈವೇ ಮಾಯವಾಗಿದ್ದರೆ ಎಲ್ಲಿ ಬರೆಯುವುದು, ಅಲ್ವಾ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಟೂಲ್‌ನಲ್ಲಿ ಡ್ರೈವ್‌ನ ಆರೋಗ್ಯ ನೋಡಿ. ಅಲ್ಲಿ ಚೆನ್ನಾಗಿದೆ ಅಂದರೂ ಅದರ ಫರ್ಮ್‌ವೇರ್‌ಗೆ (ಡ್ರೈವ್‌ನ ಒಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಇದೆಯಾ ಹುಡುಕಿ.

ಅದೂ ಅಲ್ಲದಿದ್ದರೆ ಡ್ರೈವರ್. ಒಂದು ಡ್ರೈವರ್ ಎಷ್ಟು ಹಾಳುಮಾಡಬಲ್ಲದು ಅಂತ 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿಯಾದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ನಿಮ್ಮ ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಡ್ರೈವರ್ ವೆರಿಫೈಯರ್ ಅನ್ನುವ ಟೂಲ್ ಬಗ್ಗೆ ಯೂಟ್ಯೂಬ್‌ನಲ್ಲಿ ಜಾಸ್ತಿ ಹೇಳುತ್ತಾರೆ. ಅದು ಬೇಕೆಂದೇ ಕ್ರ್ಯಾಶ್ ಮಾಡಿಸಿ ಕಳ್ಳನನ್ನು ಹಿಡಿಯುವ ಟೂಲ್. ಬೂಟೇ ಆಗದೆ ನಿಂತರೆ ಸೇಫ್ ಮೋಡ್‌ಗೆ (ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ವಿಂಡೋಸ್) ಹೋಗಿ ಅದನ್ನು ಆಫ್ ಮಾಡಲು ಬರುತ್ತದೆ ಅಂದರೆ ಮಾತ್ರ ಮುಟ್ಟಿ.

ಶಟ್‌ಡೌನ್ ಮಾಡಿ ಆನ್ ಮಾಡಿದೆ, ಆದರೂ ಹಾಗೇ ಇದೆ ಅನ್ನುವವರು ಬಹಳ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ. ಡಿಸ್ಕ್‌ನಲ್ಲಿ ಉಳಿಸಿಟ್ಟು ಮತ್ತೆ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಶುರುವಾಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ರ‍್ಯಾಮ್, ಡ್ರೈವರ್, ಬಯೋಸ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ನಿಂತಿತು ಅಂತ ತಿಳಿಯುವುದಿಲ್ಲ. ಒಂದು ಬದಲಿಸಿದ ಮೇಲೆ ಕಾಯಬೇಕು. ನಿಮಗೆ ವಾರಕ್ಕೆ ಎರಡು ಸಲ ಬರುತ್ತಿತ್ತಲ್ಲ, ಎರಡು ದಿನ ಬರಲಿಲ್ಲ ಅಂದರೆ ಏನೂ ಸಾಬೀತಾಗಲಿಲ್ಲ. ಕಡೇಪಕ್ಷ ಎರಡು ವಾರ ಎಂದಿನಂತೆ ಬಳಸಿ ನೋಡಿ. ಅಂಗಡಿಯಲ್ಲಿ ಎರಡು ದಿನ ಚೆನ್ನಾಗಿ ಓಡಿದ್ದಕ್ಕೂ ಅಷ್ಟೇ ಬೆಲೆ.

ಮದರ್‌ಬೋರ್ಡ್‌ಗೆ ದುಡ್ಡು ಕೊಡುವ ಮಾತು, ಎರಡೂ ರ‍್ಯಾಮ್ ಎರಡೂ ಸ್ಲಾಟ್‌ನಲ್ಲಿ ಪರೀಕ್ಷೆ ಆಗಿ, ಎಸ್‌ಎಸ್‌ಡಿ ನೋಡಿ ಆದ ಮೇಲೆ. ರ‍್ಯಾಮ್ ಕೆಟ್ಟದ್ದು ಖಚಿತವಾದರೆ ಬಿಲ್ ಹುಡುಕಿ, ಬ್ರ್ಯಾಂಡೆಡ್ ರ‍್ಯಾಮ್‌ಗೆ ಸಾಮಾನ್ಯವಾಗಿ ವರ್ಷಗಟ್ಟಲೆ ವಾರಂಟಿ ಇರುತ್ತದೆ. ಮೆಮ್‌ಟೆಸ್ಟ್‌ನ ಫೋಟೋ ತೋರಿಸಿದರೆ ಅಂಗಡಿಯಲ್ಲಿ ವಾದ ಮಾಡುವುದು ತಪ್ಪುತ್ತದೆ.