ಜಿತರ್ ನುಡಿಸುವಾಗ ಬಲಗೈ ತಡವರಿಸುತ್ತದೆ, ಏನು ಮಾಡಲಿ?

ಕಾರವಾರದಲ್ಲಿ ಜಿತರ್ (ಮೇಜಿನ ಮೇಲಿಟ್ಟು ಮೀಟುವ ಯುರೋಪಿನ ತಂತಿವಾದ್ಯ) ಕಲಿಸುವವರು ಯಾರೂ ಇಲ್ಲ, ಎಡಗೈಗೆ ಸ್ವರ ಸಿಕ್ಕಿದೆ, ಬಲಗೈ ಮಾತ್ರ ಹಿಡಿತಕ್ಕೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಶಿರಸಿಯವನು. ನನಗೂ ಗುರುಗಳು ಸಿಗಲಿಲ್ಲ, ಆರು ವರ್ಷದಿಂದ ಒಬ್ಬನೇ ಕಲಿಯುತ್ತಿದ್ದೇನೆ. ಹಾಗಾಗಿ ನಿಮ್ಮ ಕಷ್ಟ ಚೆನ್ನಾಗಿ ಗೊತ್ತು.

ಮೊದಲು ಒಂದು ಪ್ರಶ್ನೆ. ತಂತಿ ಒರೆಸಿ ಎಷ್ಟು ದಿನ ಆಯಿತು? ಕೈಯ ತಪ್ಪು ಅಂದುಕೊಂಡಿದ್ದು ಎಷ್ಟೋ ಸಲ ತುಕ್ಕಿನ ತಪ್ಪಾಗಿರುತ್ತದೆ. ನಿಮ್ಮದು ಉಪ್ಪುಗಾಳಿಯ ಊರು. ರಾಗ ನುಡಿಸುವ ಐದು ತಂತಿಗಳಲ್ಲಿ ಮೊದಲಿನವು ಬರೀ ಸ್ಟೀಲು. ಅವು ಸ್ವಲ್ಪ ಒರಟಾದರೂ ಹೆಬ್ಬೆರಳಿಗೆ ಹಾಕುವ ಮೀಟುವ ಉಂಗುರ ಸಿಕ್ಕಿಕೊಳ್ಳುತ್ತದೆ, ಲಯ ಮುರಿಯುತ್ತದೆ. ಬೆರಳಿನಿಂದ ಸವರಿ ನೋಡಿ. ಒರಟಿದ್ದರೆ ತಂತಿ ಬದಲಾಯಿಸಿ, ಆಮೇಲೆ ಅಭ್ಯಾಸದ ಮಾತು. ಉಂಗುರವೂ ಬಿಗಿಯಾಗಿರಲಿ. ಸೆಕೆಗೆ ಬೆವರಿದರೆ ಸಡಿಲ ಉಂಗುರ ತಿರುಗಿಬಿಡುತ್ತದೆ.

ಈಗ ಕೈ. ಹೆಬ್ಬೆರಳಿಗೆ ರಾಗ, ತೋರುಬೆರಳು ಮತ್ತು ಮಧ್ಯದ ಬೆರಳಿಗೆ ಜೊತೆಯ ತಂತಿಗಳು (ರಾಗಕ್ಕೆ ಹಿಮ್ಮೇಳ ಕೊಡುವವು), ಉಂಗುರದ ಬೆರಳಿಗೆ ಮಂದ್ರದ ದಪ್ಪ ತಂತಿಗಳು. ನಾನು ಹೆಬ್ಬೆರಳನ್ನು ಮೊದಲು ಪಳಗಿಸಿ, ಉಳಿದದ್ದನ್ನು ಆಮೇಲೆ ಸೇರಿಸಲು ಹೋದೆ. ಎರಡು ವರ್ಷ ಅದರಲ್ಲೇ ಕಳೆಯಿತು. ನೀವು ಹಾಗೆ ಮಾಡಬೇಡಿ. ಮಂದ್ರದಿಂದ ಶುರು ಮಾಡಿ.

ಆಲ್ಪ್ಸ್ ಬೆಟ್ಟದ ಕಡೆ ಈ ವಾದ್ಯಕ್ಕೆ ವಾಲ್ಟ್ಜ್, ಲೆಂಡ್ಲರ್ ಎಂಬ ಕುಣಿತದ ಸಂಗೀತ ಜಾಸ್ತಿ. ಎರಡೂ ಮೂರು ಮಾತ್ರೆಯ ನಡೆ. ಭಜನೆಯಲ್ಲಿ ದಾದ್ರಾ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ ಅಲ್ವಾ? ಬಾಯಲ್ಲಿ ಹೇಳಿಕೊಳ್ಳಿ: ಧಾ ಧಿಂ ನಾ, ಧಾ ತಿಂ ನಾ. ಧಾ ಬಂದಾಗ ಉಂಗುರದ ಬೆರಳು ಮಂದ್ರಕ್ಕೆ, ಉಳಿದೆರಡು ಮಾತ್ರೆಗೆ ತೋರುಬೆರಳು, ಮಧ್ಯದ ಬೆರಳು ಸೇರಿ ಜೊತೆಯ ತಂತಿಗೆ. ಎಡಗೈ ತೊಡೆಯ ಮೇಲೆ ಸುಮ್ನೆ ಇರಲಿ. ತಂತಿಯನ್ನು ಮೇಲಕ್ಕೆ ಕೀಳಬೇಡಿ, ಬೆರಳನ್ನು ಅಂಗೈ ಕಡೆ ಮಡಚಿ. ಹತ್ತು ನಿಮಿಷ ನಿಧಾನಕ್ಕೆ, ಕಣ್ಣು ಮುಚ್ಚಿ.

ಕಣ್ಣು ಮುಚ್ಚಿದರೆ ತಂತಿ ಹೇಗೆ ಸಿಗುತ್ತದೆ ಅಂತೀರಾ? ಅಲ್ಲೇ ಈ ವಾದ್ಯದ ಚಂದ ಇರುವುದು. ಜೊತೆಯ ತಂತಿಗಳು ಸ್ವರದ ಏರಿಳಿತದಲ್ಲಿ ಸಾಲಾಗಿಲ್ಲ, ಪ್ರತಿ ತಂತಿ ಪಕ್ಕದ ತಂತಿಗೆ ಸಾ-ಪಾ. ಸಾ ಪಕ್ಕ ಪಾ, ಅಲ್ಲಿಂದ ಮೂರು ತಂತಿ ಆಚೆ ಗಾ. ಹೆಚ್ಚಿನ ಶ್ರುತಿಗಳಿಗೆ ಇದೇ ಅಂತರ. ಕೈ ಒಮ್ಮೆ ಈ ಆಕಾರ ಕಲಿತರೆ ಅದನ್ನೇ ಸರಿಸುತ್ತಾ ಹೋಗಬಹುದು. ನನಗೆ ಇದು ಹೊಳೆದ ದಿನ ಊಟದ ನೆನಪೂ ಆಗಲಿಲ್ಲ.

ಮಂದ್ರ ತಾನಾಗಿ ಬರತೊಡಗಿದ ಮೇಲೆ ಹೆಬ್ಬೆರಳನ್ನು ಸೇರಿಸಿ. ನಿಮ್ಮದು ಮ್ಯೂನಿಕ್ ಶ್ರುತಿಯಾದರೆ (ತಂತಿಗಳನ್ನು ಶ್ರುತಿ ಮಾಡುವ ಒಂದು ಪದ್ಧತಿ) ಮೊದಲ ಎರಡು ತಂತಿಗೂ ಒಂದೇ ಸ್ವರ. ಒಂದಾದ ಮೇಲೆ ಒಂದು ನುಡಿಸಿ. ಯಾವುದು ಯಾವ ತಂತಿ ಎಂದು ಕೇಳುವವರಿಗೆ ಗೊತ್ತಾಗಬಾರದು. ಗೊತ್ತಾಯಿತೆಂದರೆ ಮಣಿಕಟ್ಟು ಬಿಗಿಯಾಗಿದೆ ಎಂದರ್ಥ, ಕೈ ಕೊಡವಿ ಮತ್ತೆ ಕೂರಿ. ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ.

ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನಮ್ಮ ಮನೆಯಲ್ಲಿ ಬೂಷ್ಟು ಹಿಡಿಯುವುದು ನಿಂತಿದ್ದು ಅದರಿಂದಲೇ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಆಗಲೂ ತಡವರಿಸಿದರೆ ಯಾವ ಬೆರಳು ಎಂದು ಬರೆಯಿರಿ.