ಸೊಂಟನೋವಿಗೆ ಸ್ವಭಾವದ ಪರೀಕ್ಷೆ ಯಾಕೆ?

ಸೊಂಟನೋವು ಅಂತ ಹೋದ ಅಮ್ಮನ ಹತ್ತಿರ ಡಾಕ್ಟರು ನೂರಾರು ಪ್ರಶ್ನೆಗೆ ಉತ್ತರ ಬರೆಸಿ, ಆಮೇಲೆ "ಆಪರೇಷನ್ ಸದ್ಯ ಬೇಡ" ಅಂದಿದ್ದಾರೆ. ಹಾಗಾದ್ರೆ ನೋವು ಬರೀ ಮನಸ್ಸಿನದಾ ಅಂತ ನೀವು ಕೇಳಿದ್ದೀರಿ. ಅಲ್ಲ. ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್, ಈ ಗೊಂದಲ ಇಟ್ಕೊಂಡು ಬರುವವರು ತುಂಬಾ ಜನ.

ಆ ಪ್ರಶ್ನೆಗಳು ಎಂಎಂಪಿಐ ಅನ್ನೋ ಸ್ವಭಾವ ಅಳೆಯುವ ಪ್ರಶ್ನೆಪಟ್ಟಿ ಇರಬಹುದು. 1943ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಬಂದದ್ದು, 1989ರ ಆವೃತ್ತಿಯಲ್ಲಿ 567 ಹೇಳಿಕೆಗಳಿವೆ. ಅದರಲ್ಲಿ ಕಾಯಿಲೆಯ ಚಿಂತೆ ಮತ್ತು ಹಿಸ್ಟೀರಿಯಾ ಅನ್ನೋ ಅಳತೆಗಳು ಏರಿದ್ದವರಿಗೆ ಬೆನ್ನಿನ ಆಪರೇಷನ್‌ನಿಂದ ಸಿಗುವ ಫಲ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ. (ಹಿಸ್ಟೀರಿಯಾ ಅನ್ನೋ ಹೆಸರು ಕೇಳಿದ್ರೇ ಸಿಟ್ಟು ಬರುತ್ತೆ, ಗೊತ್ತು. ಇಲ್ಲಿ ಅದರ ಅರ್ಥ ಮನಸ್ಸಿನ ಒತ್ತಡ ದೇಹದ ತೊಂದರೆಯಾಗಿ ಕಾಣಿಸೋದು ಅಂತ ಅಷ್ಟೇ.) ಆದರೆ ನಿದ್ದೆ ಇಲ್ಲ, ಸುಸ್ತು, ಕೆಲಸ ಸಾಗಲ್ಲ ಅನ್ನೋ ಥರದ್ದಕ್ಕೆಲ್ಲ ಅಂಕ ಬೀಳುತ್ತೆ, ವರ್ಷಗಟ್ಟಲೆ ನೋವು ತಿಂದವರಿಗೆ ಅದು ಏರದೆ ಇನ್ನೇನಾಗುತ್ತೆ ಹೇಳಿ? 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಆದ ಒಂದು ಪ್ರಯೋಗದಲ್ಲಿ, ವಾಹನ ಅಪಘಾತದ ನಂತರ ಕತ್ತುನೋವು ಉಳಿದವರ ನರಕ್ಕೆ ಶಾಖ ಕೊಟ್ಟು ನೋವು ತೆಗೆದರು. ನೋವು ಹೋದವರ ಮಾನಸಿಕ ಸಂಕಟವೂ ಹೋಯಿತು, ಅದೂ ಮನಸ್ಸಿಗೆ ಬೇರೆ ಚಿಕಿತ್ಸೆ ಇಲ್ಲದೆ.

ನಾನು ಸ್ವಭಾವಕ್ಕಿಂತ ಭಯ ನೋಡ್ತೀನಿ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಬರ್ತಾರೆ. ಕುರ್ಚಿಯಲ್ಲಿ ಕೂರುವಾಗ ಮೇಜು ಗಟ್ಟಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ಇಳಿಯುತ್ತಾರೆ. "ಬಗ್ಗಿದ್ರ ಡಿಸ್ಕ್ ಹೊರಗ ಬರ್ತದ್ರೀ" ಅಂತಾರೆ. ಬಗ್ಗೋದು ಬಿಟ್ಟರೆ ಸ್ನಾಯು ಸೋಲುತ್ತೆ, ಸೋತ ಸ್ನಾಯು ಇನ್ನೂ ನೋಯುತ್ತೆ, ಭಯ ಇನ್ನೂ ಜಾಸ್ತಿ. ಈ ಭಯದ ಬೆನ್ನಿಗಿರುವ, ನೋವಿನ ಬಗ್ಗೆ ಕೆಟ್ಟದ್ದನ್ನೇ ಯೋಚಿಸುವ ಅಭ್ಯಾಸ ಅಳೆಯೋಕೆ 1995ರ 13 ಪ್ರಶ್ನೆಗಳ ಚಿಕ್ಕ ಪಟ್ಟಿಯೂ ಇದೆ. ಒಳ್ಳೆಯ ಸುದ್ದಿ ಅಂದ್ರೆ ಭಯ ಇಳಿಸಬಹುದು: ಮೊದಲು ಎತ್ತರದ ಸ್ಟೂಲ್ ಮೇಲಿನ ಲೋಟ ಎತ್ತಿಸುತ್ತೇನೆ, ಆಮೇಲೆ ಗಿಡ್ಡ ಸ್ಟೂಲ್, ಕೊನೆಗೆ ನೆಲ.

ಜೊತೆಗೆ ಮನಶ್ಶಾಸ್ತ್ರಜ್ಞರ ಮಾತೂ ಬೇಕಾಗಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹೆಸರು ತೆಗೆದರೆ ಸಾಕು, "ನನಗೇನು ಹುಚ್ಚಾ?" ಅಂತ ಎದ್ದು ಹೋಗ್ತಾರೆ. ಅಮ್ಮನಿಗೆ ಮೊದಲೇ ಸಮಾಧಾನವಾಗಿ ಹೇಳಿ, ಇದು ಬೆನ್ನಿನ ಚಿಕಿತ್ಸೆಯದೇ ಭಾಗ ಅಂತ.

ಡಾಕ್ಟರನ್ನು ನೇರವಾಗಿ ಕೇಳಿ: ಯಾವ ಅಳತೆ ಏರಿದೆ, ಅದಕ್ಕೆ ಏನು ಮಾಡೋಣ, ಮತ್ತೆ ಯಾವಾಗ ನೋಡ್ತೀರಿ? ಸುಮ್ನೆ "ಟೆನ್ಶನ್ ಬಿಡಿ" ಅಂತ ಕಳಿಸಿದ್ರೆ ಬೇರೆಯವರಿಗೆ ತೋರಿಸಿ. ಇನ್ನು ಕಾಲಿನ ಬಲ ಕುಗ್ಗಿದ್ರೆ, ಮೂತ್ರ ಹಿಡಿತ ತಪ್ಪಿದ್ರೆ ಯಾವ ಪ್ರಶ್ನೆಪಟ್ಟಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.